ಇಲ್ಲಿ ಅಂದ್ರ ಎಲ್ಲಿ

ಏಪ್ರಿಲ್ ರಾತ್ರಿ. ರಾಯಚೂರಿನ ಗೋಡೆಗಳು
ಹಗಲು ನುಂಗಿದ್ದನ್ನೆಲ್ಲ ಕಕ್ಕುವ ಹೊತ್ತು.
ಫ್ಯಾನ್ ಆರಿಸಿ, ಕಿಟಕಿಗೆ ಚಾದರ ಕಟ್ಟಿ,
ಅಡುಗೆಮನೆಯ ಸ್ಟೂಲಿನ ಮೇಲೆ ಫೋನು ನಿಲ್ಲಿಸಿ
ಪಾಠ ಮಾಡುತ್ತಿದ್ದೆ: ಗಂಜಿನ ಲೆಕ್ಕ, ಹನ್ನೆರಡು ಕಂತು,
ಮನೆಯಲ್ಲೇ ಕೂತು ಕಲಿಯಿರಿ, ಎಲ್ಲರಿಗೂ.

ಎಲ್ಲರಿಗೂ ಅಂತ ಬರೆದವನು ನಾನೇ.

"ಇಲ್ಲಿ ಒತ್ತಿ. ಇದು ಬಂತಲ್ಲ? ಇದನ್ನು ಹೀಗೆ ಎಳೆದು
ಅದರ ಕೆಳಗೆ ತನ್ನಿ. ನೋಡಿ, ಎಷ್ಟು ಸರಳ."

ಮೂರನೇ ದಿನ ಒಂದು ಧ್ವನಿ ಸಂದೇಶ,
ದೇವದುರ್ಗದಿಂದ, ಹಿಂದೆ ಮೇಕೆಯೊಂದರ ಕೂಗು:
"ಸರ್, ನಾನು ಶೇಕ್ಷಾವಲಿ. ಕಣ್ಣಿಲ್ಲ ನನಗ.
ಫೋನು ಓದಿ ಹೇಳ್ತದ, ಅದಕ್ಕೇನು ತೊಂದ್ರಿ ಇಲ್ಲ.
ಇಲ್ಲಿ ಅಂದ್ರ ಎಲ್ಲಿರಿ?"

ಪಾಠವನ್ನು ಮತ್ತೆ ಕೇಳಿದೆ, ಕಣ್ಣು ಮುಚ್ಚಿ.
ಹದಿನಾಲ್ಕು ನಿಮಿಷದಲ್ಲಿ
ಐವತ್ತೊಂದು ಇಲ್ಲಿ, ಮೂವತ್ತು ಹೀಗೆ,
ಅದು ಇದು ಎಣಿಸಲಿಲ್ಲ.
ಇಪ್ಪತ್ತೆರಡು ವರ್ಷ ಪಾಠ ಹೇಳಿದ್ದು
ನನ್ನ ತೋರುಬೆರಳು. ಬಾಯಿ ಅದರ ಹಿಂದೆ
ಹೂಂಗುಟ್ಟುತ್ತ ನಡೆದಿತ್ತು.

ಅವನ ಫೋನಿನೊಳಗಿನ ಹೆಂಗಸು
ನನ್ನ ಪುಟವನ್ನು ಓದುವುದನ್ನೂ ಕೇಳಿಸಿದ:
ಬಟನ್. ಬಟನ್. ಚಿತ್ರ. ಬಟನ್.
ಹೆಸರಿಡದ ಕೂಸುಗಳ ಹಾಜರಿ.
ಅವತ್ತೇ ನಾಮಕರಣಕ್ಕೆ ಕೂತೆ,
ತೊಟ್ಟಿಲಿಲ್ಲ, ಗುಗ್ಗರಿ ಇಲ್ಲ:
ಮುಂದಿನ ಪಾಠ. ಉತ್ತರ ಕಳಿಸು. ಹಿಂದಕ್ಕೆ ಹೋಗು.

ಅಷ್ಟರಲ್ಲಿ ಮುದಗಲ್ಲಿನ ಅಮರಮ್ಮ ಬರೆದಳು.
ಕಿವಿ ಕೇಳದು, ಅಕ್ಷರದಲ್ಲೇ ನಗುವವಳು.
ಸರ್, ನಿಮ್ಮ ವಿಡಿಯೊ ಕೆಳಗೆ ಯಂತ್ರ ಬರೆದದ್ದು ನೋಡಿರಿ:
"ಅತ್ತೆಗೆ ಇಂದು ಕ್ವಿಂಟಲಿಗೆ ಏಳು ಸಾವಿರ,
ತೇವ ಇದ್ದರೆ ಕಡಿಮೆ."
ನಮ್ಮತ್ತೆಯನ್ನು ಯಾವಾಗ ತರಲಿ?

ನಕ್ಕೆ. ನಕ್ಕ ಮೇಲೆ ನಾಚಿಕೆಯಾಯಿತು.
ಸಾಲು ಸಾಲಾಗಿ ತಿದ್ದಿ
ಹತ್ತಿಗೆ ಅದರ ಹ ವಾಪಸು ಕೊಟ್ಟೆ.
ಬೋರ್ಡಿನ ಕಡೆ ತಿರುಗಿ ಮಾತಾಡುವ ಚಟವೊಂದು
ಇನ್ನೂ ಬಿಟ್ಟಿಲ್ಲ. ಆಗ ನನ್ನ ತುಟಿ
ಅವಳಿಗೆ ಸಿಗುವುದಿಲ್ಲ.

ಇಬ್ಬರಿಗಾಗಿ ಎಲ್ಲ ಕಿತ್ತು ಕಟ್ಟುತ್ತೀರೇನ್ರೀ,
ಅಂದರು ಪ್ರಾಂಶುಪಾಲರು, ಚಹಾ ಆರಿಸಿಕೊಳ್ಳುತ್ತ.
ಲೆಕ್ಕದ ಮೇಷ್ಟ್ರು ನಾನು; ಉತ್ತರ ಹೊಳೆಯಲಿಲ್ಲ.
ಕೇಳದೆಯೇ ಬಿಟ್ಟುಹೋದವರು ಎಷ್ಟು ಅನ್ನುವ ಕಾಲಂ
ನನ್ನ ರಿಜಿಸ್ಟರಿನಲ್ಲಿ ಇರಲೇ ಇಲ್ಲ.

ಏಳನೇ ಪಾಠದ ಗ್ರಾಫಿನಲ್ಲಿ ಸಿಕ್ಕಿಬಿದ್ದೆ.
ಒಂದು ವರ್ಷದ ಧಾರಣೆ, ಏರಿಳಿಯುವ ಒಂದೇ ಕೆಂಪು ಗೆರೆ.
ಕೆಂಪು ಅಂದರೇನು, ಗೆರೆ ಅಂದರೇನು?
ಶೇಕ್ಷಾವಲಿಯೇ ದಾರಿ ಹೇಳಿದ:
"ಕ್ವಾಟಿ ಗುಡ್ಡ ಹತ್ತೀನ್ರಿ ನಾನು, ಅಣ್ಣನ ಹೆಗಲು ಹಿಡಕೊಂಡು.
ಮೊಣಕಾಲಿಗೆ ತಿಳಿಯೋ ಹಂಗ ಹೇಳ್ರಿ."

ಹೇಳಿದೆ: ಜೂನಿನಿಂದ ಗಂಜಿನ ಅಂಗಳದಂತೆ ಸಮ.
ದಸರೆ ಕಳೆದದ್ದೇ ನಾಲ್ಕು ಮೆಟ್ಟಿಲು ದಡಬಡ ಇಳಿ,
ಹೊಸ ಹತ್ತಿ ಬಂತು. ಸಂಕ್ರಾಂತಿ ದಾಟಿ ಏರು,
ಮೊದಲು ಉಸಿರು ಸಾಲುತ್ತದೆ, ಆಮೇಲೆ ಸಾಲುವುದಿಲ್ಲ.
ಮಾರ್ಚಿಗೆ ತುದಿಯ ಬಂಡೆ. ಬರೀ ಗಾಳಿ.
"ಅಲ್ಲಿಗೆ ಹತ್ತೋದ್ರಾಗ
ಯಾರ ಮನ್ಯಾಗೂ ಹತ್ತಿ ಉಳಿದಿರಂಗಿಲ್ಲ ಅಲ್ರಿ," ಅಂದ.
ಆ ಮಾತು ನನ್ನ ಪಾಠದಲ್ಲಿ ಇರಲಿಲ್ಲ. ಸೇರಿಸಿದೆ.

ಈಗ ಮನೆಯಲ್ಲೂ ಅದೇ ರೋಗ.
ಹುಣಸೆ ಎಲ್ಲಿಟ್ಟೀರಿ, ನೀಲಮ್ಮ ಕೇಳಿದಳು.
ಅಲ್ಲಿ, ಅನ್ನಲು ಹೋಗಿ ತಡೆದೆ:
ಎಡಗಡೆ, ಎರಡನೇ ಹಲಗೆ, ಹಿತ್ತಾಳೆ ಡಬ್ಬಿಯ ಹಿಂದೆ.
"ಅಂತೂ ಮನಿಯೊಳಗ ಬಂದ್ರಿ," ಅಂದಳು.

ಹನ್ನೆರಡನೇ ಕಂತು ಕಳಿಸಿದ ರಾತ್ರಿ
ಅವನ ಧ್ವನಿ ಮತ್ತೆ. ಲೆಕ್ಕ ತಾಳೆಯಾಗಿತ್ತು,
ಎರಡು ಕಡೆ ತಪ್ಪು, ಎರಡೂ ನನ್ನವೇ.
ಕೊನೆಗೆ, ಮೇಕೆ ಸುಮ್ಮನಾದ ಮೇಲೆ:
"ಸರ್, ಫ್ಯಾನ್ ಹಚ್ಚಿಕೊಳ್ರಿ.
ನೀವು ಬೆವರು ಒರಸ್ಕೊಳ್ಳೋದು ಕೇಳಸ್ತದ."