ಓರೆ ಅಕ್ಷರ

ದಾರ್ಸೈತಿನ ಈ ಓಣಿಗೆ ಬೆಳಗಾಗುವುದು
ಬಸ್ಸು ಹಿಂದೆ ಸರಿಯುವ ಕೀಂ ಕೀಂ ಸದ್ದಿನಿಂದ.
ಕರಿಗುಡ್ಡದ ಬೆನ್ನಿಗೆ ಇನ್ನೂ ಬಿಸಿಲು ಹತ್ತಿರುವುದಿಲ್ಲ.
ನಮ್ಮ ಬಾಗಿಲಿನಿಂದ ಶಾಲೆಯ ಗೇಟಿಗೆ
ನೂರಾ ಹನ್ನೆರಡು ಹೆಜ್ಜೆ, ನಿಹಾರಿ ಎಣಿಸಿದ್ದಾಳೆ.
ಆದರೂ ದಿನಾ ತಡವಾಗುವುದು ನಮಗೇ.

ಬರ್ಕಾದ ಬಸ್ಸು ಎಲ್ಲಕ್ಕಿಂತ ಮೊದಲು.
ನಾಲ್ಕೂವರೆಗೆ ಹೊರಟ ಮಕ್ಕಳು
ಕೆನ್ನೆಯ ಮೇಲೆ ಕಿಟಕಿಯ ಗೆರೆ ಹೊತ್ತು ಇಳಿಯುತ್ತಾರೆ.
ಒಬ್ಬನ ಕೈಯಲ್ಲಿ ಅರ್ಧ ಕಚ್ಚಿದ ಖುಬ್ಬೂಸು,
ಒಬ್ಬಳಿಗೆ ಒಂದೇ ಜಡೆ ಹೆಣೆದಿದೆ,
ಇನ್ನೊಂದನ್ನು ಬಸ್ಸಿನಲ್ಲಿ ಹೆಣೆಯಬೇಕಿತ್ತಂತೆ,
ಅಕ್ಕನಿಗೆ ನಿದ್ದೆ ಬಂತಂತೆ.

ಮೂರನೇ ಮಹಡಿಯ ಗೋಪಿನಾಥ ಶೆಟ್ಟರು
ಕಾರು ತೆಗೆಯಲಾಗದೆ ಹಾರ್ನಿನ ಮೇಲೆ ಮುಂಗೈ ಊರುತ್ತಾರೆ:
"ಎಲ್ಲಿಯವರೋ ಇವರೆಲ್ಲ!
ಇದು ನಮ್ಮ ಏರಿಯಾದ ಶಾಲೆ ಮಾರಾಯ್ರೆ."
ನಮ್ಮ ಏರಿಯಾ.
ಶೆಟ್ಟರ ಊರು ಹೆಬ್ರಿಯ ಆಚೆ, ನನ್ನದು ಹಾನಗಲ್ಲು.
ಹೌದು ಎಂದೆ. ನಿಜಕ್ಕೂ ಹೌದೆನಿಸಿತ್ತು.

ಮೂರನೇ ಕ್ಲಾಸಿನ ಎಫ್ ಸೆಕ್ಷನ್ನಿಗೆ ನಲವತ್ತೆಂಟು ಮಕ್ಕಳು,
ಇಬ್ಬರ ಬೆಂಚಿಗೆ ಮೂವರು.
ಲೈಬ್ರರಿಯನ್ನು ಪ್ಲೈವುಡ್ಡಿನಿಂದ ಸೀಳಿ ಎರಡು ಕ್ಲಾಸು ಮಾಡಿದ್ದಾರೆ,
ಈ ಕಡೆ ಮಗ್ಗಿ ತಪ್ಪಿದರೆ
ಆ ಕಡೆಯವರು ತಿದ್ದುತ್ತಾರೆ.
ಡಬ್ಬಿ ಬಿಚ್ಚಲು ಜಾಗವಿಲ್ಲದೆ ನನ್ನ ಮಗಳು
ಮೆಟ್ಟಿಲ ಮೇಲೆ ಕೂತು ಉಣ್ಣುತ್ತಾಳೆ.

ಪಾಲಕರ ಸಭೆಯಲ್ಲಿ ಶೆಟ್ಟರು ಎದ್ದು ಕಾಗದ ಓದಿದರು:
ಹತ್ತಿರದವರಿಗೆ ಮೊದಲು ಸೀಟು,
ಪುರಾವೆಗೆ ಕರೆಂಟ್ ಬಿಲ್ಲು, ಅಪ್ಪನ ಹೆಸರಿನಲ್ಲೇ ಇರಬೇಕು,
ದೂರದವರನ್ನು ಮಧ್ಯಾಹ್ನದ ಶಿಫ್ಟಿಗೆ ಹಾಕಬೇಕು.
ಕುರ್ಚಿ ಸಾಲದೆ ಗೋಡೆಗೊರಗಿ ನಿಂತಿದ್ದ ಹೆಂಗಸು
(ಮೈಮೂನ, ಉಪ್ಪಿನಂಗಡಿ ಕಡೆಯವರು, ಆಮೇಲೆ ತಿಳಿಯಿತು)
"ಮಧ್ಯಾಹ್ನದ ಮಕ್ಕಳು ಮನೆ ಮುಟ್ಟುವಾಗ ರಾತ್ರಿ ಎಂಟು" ಎಂದರು.
"ಇಲ್ಲಿ ಬಾಡಿಗೆ ಇನ್ನೂರೈವತ್ತು ರಿಯಾಲು, ಅಲ್ಲಿ ನೂರಾ ಹತ್ತು.
ನಾವು ದೂರ ಇರುವುದು ಹಠಕ್ಕಲ್ಲ."
ಯಾರೋ ಕೆಮ್ಮಿದರು. ಎಸಿ ಗೊರಗುಟ್ಟಿತು.
ಕಾಗದ ನನ್ನ ಮುಂದೆ ಬಂದಾಗ ಪೆನ್ನೂ ಜೊತೆಗೇ ಬಂತು.
ಹದಿನಾಲ್ಕನೆಯ ಸಹಿ ನನ್ನದು.

ಮನೆಗೆ ಬಂದು ಬಿಲ್ಲು ಹುಡುಕಿದೆ.
ಫ್ರಿಜ್ಜಿನ ಮೇಲೆ, ಖರ್ಜೂರದ ಡಬ್ಬಿಯಡಿ.
ಹೆಸರು: ಬೋನಿಫಾಸ್ ಲೋಬೊ.
ಒಂಬತ್ತು ವರ್ಷದ ಹಿಂದೆ ಈ ಮನೆ ಬಿಟ್ಟವನು,
ಅವನ ಮುಖ ಕೂಡ ನಾವು ಕಂಡಿಲ್ಲ.
ಹೆಸರು ಬದಲಿಸಲು ಮಾಲೀಕ ಬರಬೇಕು,
ಮಾಲೀಕ ಸಲಾಲಾದಲ್ಲಿ,
ಅವನ ಮಗ ನಾಳೆ ಎನ್ನುತ್ತಾನೆ, ಇನ್‌ಶಾ ಅಲ್ಲಾ ನಾಳೆ.
ತಿಂಗಳಿಗೊಮ್ಮೆ ಲೋಬೊನ ದೀಪಕ್ಕೆ
ನಾವು ದುಡ್ಡು ಕಟ್ಟುತ್ತ ಬಂದಿದ್ದೇವೆ.
ಇವರು ಸಾಕ್ಸು ಬಿಚ್ಚುತ್ತ ನಕ್ಕರು:
"ಅಲ್ಲ, ನೀನೂ ಸಹಿ ಮಾಡಿ ಬಂದಿ?"
ಆ ನಗು ನನಗೆ ಸೇರಲಿಲ್ಲ.

ರಾತ್ರಿ ನಿಹಾರಿಯ ಹಿಂದಿ ಕಾಪಿ ತೆರೆದೆ.
ಮೊದಲ ಪುಟಗಳಲ್ಲಿ ಅಕ್ಷರ
ಹಗ್ಗಕ್ಕೆ ಒಣಹಾಕಿದ ಬಟ್ಟೆಯಂತೆ ನೇರ.
ಆಗಸ್ಟ್ ಕಳೆದ ಮೇಲೆ ಎಲ್ಲವೂ ಬಲಕ್ಕೆ ವಾಲಿವೆ,
ಅದೇ ಹಗ್ಗ, ಗಾಳಿ ಬೇರೆ.
ನೆಟ್ಟಗೆ ಬರೆ ಎಂದು ಟೀಚರು
ಕೆಂಪಿನಲ್ಲಿ ಮೂರು ಸಲ ಬರೆದಿದ್ದಾರೆ.
ಯಾಕೆ ಹಿಂಗ, ಎಂದೆ.
"ಮೊದಲ್ನೇ ಪೀರಿಯಡ್ಡು ಇಝಾನ್
ನನ್ನ ಭುಜದ ಮ್ಯಾಲೆ ಮಲಕೊಂತಾನ ಮಮ್ಮಿ.
ಅಳ್ಳಾಡಿದ್ರ ಎಚ್ಚರಾಗ್ತಾನ."
ಯಾವ ಇಝಾನ್?
"ಬರ್ಕಾ ಬಸ್ಸಿನಂವ. ಜೊಲ್ಲು ಸುರಸ್ತಾನ. ಇರ್ಲಿ ಬಿಡು."

ಅವಳ ಅಂಗಿಯ ಎಡಭುಜದಲ್ಲಿ
ಎರಡು ತಿಂಗಳಿಂದ ನಾನು ಬೈಯುತ್ತ ತಿಕ್ಕುತ್ತಿದ್ದ ಕಲೆ
ಹಾಗಾದರೆ ಮೊಸರಿನದಲ್ಲ.

ನಾಳೆ ಶೆಟ್ಟರು ಕಾಗದವನ್ನು ಪ್ರಿನ್ಸಿಪಾಲರಿಗೆ ಕೊಡುತ್ತಾರೆ.
ನನ್ನ ಸಹಿ ಹೊಡೆದುಹಾಕಿ ಎನ್ನಬೇಕು.
ಎನ್ನುತ್ತೇನೋ, ಲಿಫ್ಟಿನಲ್ಲಿ ಸಿಕ್ಕಾಗ ಸುಮ್ಮನೆ ನಕ್ಕುಬಿಡುತ್ತೇನೋ.
ಸದ್ಯಕ್ಕೆ ಅಂಗಿಗೆ ಸೋಪು ಹಚ್ಚಿ
ಲೋಬೊನ ದೀಪದ ಬೆಳಕಿನಲ್ಲಿ ನೆನೆಹಾಕಿದ್ದೇನೆ.