ಬಾಕಿ

ಸಮಿತಿಯಲ್ಲಿ ಐವರು. ನಾಲ್ವರಿಗೆ ಡಾಕ್ಟರೇಟು.
ಐದನೆಯವನು ನಾನು, ಸಂಪಂಗಿ,
ಕಬ್ಬನ್‌ಪೇಟೆಯ ಜೆರಾಕ್ಸ್ ಅಂಗಡಿಯವನು.
ಗುಣವತಿ ಮೇಡಂ ಉಯಿಲಿನಲ್ಲೇ ಬರೆದಿಟ್ಟಿದ್ದರು:
'ಹಣ ಎಷ್ಟೇ ಇರಲಿ, ಹಂಚುವಾಗ ಸಂಪಂಗಿ ಇರಲಿ.
ಒಂದು ಹಾಳೆಗೆ ಎಷ್ಟು ಬೀಳುತ್ತದೆಂದು ಅವನಿಗೆ ಗೊತ್ತು.'

ಗೊತ್ತು.
ಮೊದಲು ನಲವತ್ತು ಪೈಸೆ, ಆಮೇಲೆ ಅರವತ್ತು, ಆಮೇಲೆ ಒಂದು ರೂಪಾಯಿ.
ಶಾಯಿ ಮಾಸಿದ್ದರೆ ಕಪ್ಪು ಏರಿಸಬೇಕು,
ತೀರಾ ಏರಿಸಿದರೆ
ಕಾಗದದ ಕಲೆಯೂ ಅಕ್ಷರವಾಗಿ ಎದ್ದು ನಿಲ್ಲುತ್ತದೆ.

ಮೊದಲ ಸಲ ಬಂದಾಗ ಹೆಸರು ಕೇಳಿ ನಕ್ಕಿದ್ದರು.
'ನಿನ್ನದು ಒಂದು ಕೆರೆಯ ಹೆಸರು ಕಣಯ್ಯ.
ಈಗ ಅದರ ಮೇಲೆ ಹುಡುಗರು ರನ್ನಿಂಗ್ ರೇಸ್ ಓಡುತ್ತಾರೆ.'
ಅದಾದ ಮೇಲೆ ಸ್ಟೇಡಿಯಮ್ಮಿನ ಪಕ್ಕ ಬಸ್ಸು ಹಾದಾಗೆಲ್ಲ
ನನ್ನ ಕಾಲು ಒಂದಿಷ್ಟು ಒದ್ದೆಯಾದಂತೆ.

ತೀರಿಹೋದ ತಿಂಗಳಿಗೆ ಅವರ ತಮ್ಮ ಬಂದು
ನನ್ನ ಬಾಕಿ ಮುನ್ನೂರ ಹನ್ನೆರಡು ರೂಪಾಯಿ ಎಣಿಸಿಕೊಟ್ಟ.
ಡೈರಿಯಲ್ಲಿ ಬರೆದಿತ್ತಂತೆ, ಹಾಲಿನವನ ಕೆಳಗೆ, ಇಸ್ತ್ರಿಯವನ ಮೇಲೆ.
ಆ ದುಡ್ಡನ್ನೇ ನಿಧಿಗೆ ಹಾಕಿದೆ. ರಸೀದಿ ನಂಬರ್ ಒಂದು.
ಫ್ಲಾಟು ಮಾರಿದ ಹಣ ಬಂದದ್ದು ಆಮೇಲೆ.

ಈ ವರ್ಷ ಮೂವತ್ತೇಳು ಅರ್ಜಿ.
ಒಬ್ಬ ಹುಡುಗ ಬೈಂಡಿಂಗ್ ಮಾಡಿಸಿ, ಚಿನ್ನದಕ್ಷರ ಹಾಕಿಸಿ ಕಳಿಸಿದ್ದ.
ಬೈಂಡಿಂಗಿಗೇ ಆರುನೂರಾದರೂ ಆಗಿರಬೇಕು, ಪಾಪ.
ಸಬೀಹಾಳದು ನಾಲ್ಕೇ ಹಾಳೆ, ಮೂಲೆಗೆ ಗುಂಡುಸೂಜಿ.
ಮೊದಲ ಸಾಲು:
'ಗುಣವತಿಯವರು ಹೆಣ ಹೊತ್ತವರನ್ನು ಹನ್ನೊಂದು ಎಂದಿದ್ದಾರೆ. ತಪ್ಪು.'

ಕೋಣೆಯಲ್ಲಿ ಫ್ಯಾನಿನ ಸದ್ದು.
'ಅವರ ಹೆಸರಿನ ದುಡ್ಡಿನಲ್ಲೇ ಅವರಿಗೆ ತಪ್ಪು ಹಿಡಿಯುವುದೇ?'
ಕನ್ನಡಕ ತೆಗೆದು ಒರೆಸಿದರು ಒಬ್ಬರು,
ಒರೆಸುತ್ತಲೇ ಇದ್ದರು.

ಹನ್ನೊಂದು ಹೆಸರಿಗೆ ಮೇಡಂ ಒಂಬತ್ತು ವರ್ಷ ಕೊಟ್ಟಿದ್ದರು.
ತೊಂಬತ್ತೆಂಟರ ಪ್ಲೇಗು, ಊರಾಚೆಯ ಶಿಬಿರ,
ಯಾರದೋ ಅಟ್ಟದಲ್ಲಿ ಉಳಿದುಕೊಂಡ ಒಂದೇ ದಫ್ತರ.
ಕಾಂಪೌಂಡರನ ಮರಿಮಗ ಒಂದು ದಿನದ ಮಟ್ಟಿಗೆ ಕೊಟ್ಟಿದ್ದ.
ಮೇಡಂ ಅದನ್ನು ಕೂಸಿನ ಹಾಗೆ ಸೆರಗಿನಲ್ಲಿ ಸುತ್ತಿ ತಂದು
'ಬೇಗ ಮಾಡು, ಸಂಜೆಯೊಳಗೆ ವಾಪಸು' ಎಂದರು.

ಸಬೀಹಾಳ ಮೂರನೆಯ ಹಾಳೆಯಲ್ಲಿ ಆ ಪುಟದ ಫೋಟೋ ಇತ್ತು.
ಎಡಕ್ಕೆ ಕನ್ನಡ, ನನಗೆ ಪರಿಚಯದ್ದೇ.
ಬಲದ ತುದಿಯಲ್ಲಿ, ಬೈಂಡಿಂಗ್ ದಾರದ ಕಡೆಗೆ ಒರಗಿಕೊಂಡು,
ಇರುವೆ ಸಾಲಿನಂಥ ಉರ್ದು.
ಖೈರುನ್ನಿಸಾ. ಹೆಂಗಸರ ಮೈ ತೊಳೆಯುವಾಕೆ.
ದಿನಕ್ಕೆ ಮೂರಾಣೆ.
ಕೂಲಿ ಬಾಕಿ.

ಆಗ ಎದ್ದು ನಿಂತೆ. ಸಮಿತಿಯಲ್ಲಿ ನಾನು ಮಾತಾಡಿದ್ದು ಅದೇ ಮೊದಲು.
'ತಪ್ಪು ಮೇಡಂದಲ್ಲ ಸಾರ್.
ದಫ್ತರ ಅಗಲ, ನನ್ನ ಗಾಜು ಚಿಕ್ಕದು.
ದೊಡ್ಡ ಹಾಳೆಗೆ ಡಬಲ್ ರೇಟು.
ಅವರ ಪರ್ಸಿನಲ್ಲಿ ಎಷ್ಟಿತ್ತೆಂದು ಕಂಡಿದ್ದೆ.
ಬಲಗಡೆ ಬರೀ ಗೀಚು ಅಂದುಕೊಂಡು
ಅಂಚು ಬಿಟ್ಟೆ.
ಅವರಿಗೆ ಹೇಳಲಿಲ್ಲ.'

ಯಾರೂ ಏನೂ ಅನ್ನಲಿಲ್ಲ.
ಕನ್ನಡಕದವರು ಕನ್ನಡಕ ಹಾಕಿಕೊಂಡು
ಆ ನಾಲ್ಕು ಹಾಳೆಯನ್ನು ಮತ್ತೆ ಮೊದಲಿನಿಂದ ಓದತೊಡಗಿದರು.
ಕಾಫಿ ಬಂತು, ಆರಿತು.

ಚೆಕ್ಕಿನ ಮೇಲೆ ಎರಡು ಸಹಿ, ಒಂದು ನನ್ನದು.
ಕೈ ನಡುಗಿ 'ಪಂ' ಸ್ವಲ್ಪ ಕೆಳಗೆ ಇಳಿದಿದೆ.
ಬ್ಯಾಂಕಿನವರು ತಕರಾರು ಮಾಡಲಿಲ್ಲ.

ಮೊನ್ನೆ ಮಂಗಳವಾರ ಸಬೀಹಾ ಅಂಗಡಿಗೆ ಬಂದಿದ್ದಳು.
ಶಿವಾಜಿನಗರದಿಂದ ನಡೆದೇ ಬಂದಳಂತೆ, ಮೆಟ್ರೋ ದುಡ್ಡು ಉಳಿಸಿ.
ಚೀಲದಲ್ಲಿ ಯಾವುದೋ ಮಸೀದಿಯ ಹಳೆ ಲೆಕ್ಕದ ಪುಸ್ತಕ,
ಅಂಚೆಲ್ಲ ಹುಳ ತಿಂದಿದೆ.
ಈಗ ನನ್ನ ಹತ್ತಿರ ದೊಡ್ಡ ಗಾಜಿನ ಮಿಷನ್ನಿದೆ.
ಪುಟ ಬಿಡಿಸಿ, ನಾಲ್ಕು ಮೂಲೆಯನ್ನೂ ಬೆರಳಿನಿಂದ ಮುಟ್ಟಿ ನೋಡಿ,
ಮುಚ್ಚಳ ಇಳಿಸಿದೆ. ಹಸಿರು ಬೆಳಕು
ಒಂದು ಕಡೆಯಿಂದ ಇನ್ನೊಂದು ಕಡೆಗೆ ನಿಧಾನಕ್ಕೆ ನಡೆಯಿತು.

'ಹಾಳೆಗೆ ಎಷ್ಟು ಅಂಕಲ್?'
'ದೊಡ್ಡ ಸೈಜು. ಐದು ರೂಪಾಯಿ.'
'ಅಯ್ಯೋ, ಅವೆನ್ಯೂ ರೋಡಲ್ಲಿ ನಾಲ್ಕಕ್ಕೇ ಕೊಡ್ತಾರೆ.'

ನಾಲ್ಕೂವರೆಗೆ ಒಪ್ಪಿದಳು.
ಚಿಲ್ಲರೆ ಇರಲಿಲ್ಲ ಇಬ್ಬರ ಹತ್ತಿರವೂ.
ಬರೆದಿಟ್ಟುಕೊಂಡೆ.