ಕೆಳಗಿನ ಸಾಲು

ನಾನು ಬ್ಯಾಂಕಿನವನಲ್ಲ. ಬ್ಯಾಂಕಿನ ಮೂಲೆಯಲ್ಲಿ
ಒರೆಗಲ್ಲು ಇಟ್ಟುಕೊಂಡು ಕೂತವನು;
ಪೊಟ್ಟಣ ಲೆಕ್ಕದ ಕಮಿಷನ್ನು, ಇಪ್ಪತ್ತಾರು ವರ್ಷದ ಸ್ಟೂಲು.
ಬಂಗಾರ ಸುಳ್ಳು ಹೇಳಿದರೆ ಕಲ್ಲಿಗೆ ಗೊತ್ತಾಗುತ್ತದೆ.

ಈ ಸಲ ಆರಿದ್ರೆ ಕಂತು ಕಟ್ಟಲಿಲ್ಲ,
ಪುನರ್ವಸು ಮುಖ ತೋರಿಸಲಿಲ್ಲ,
ಆಶ್ಲೇಷ ಮಾತ್ರ ಹಳೆಬಾಕಿಯನ್ನೆಲ್ಲ
ಬಡ್ಡಿ ಸಮೇತ ಒಂದೇ ರಾತ್ರಿ ತಂದು ಸುರಿಯಿತು.
ಬೆಳಿಗ್ಗೆ ತುಂಗೆಯ ಸೇತುವೆ ತುಂಬ ಜನ: ಮಂಟಪ ಮುಳುಗಿತಾ?
ಮುಳುಗಿತ್ತು.
ನಮ್ಮ ನೆಲಮಾಳಿಗೆಯಲ್ಲಿ ತಿಜೋರಿಯ ಕೆಳಗಿನ ಸಾಲೂ.

ಅಡವಿನ ಪೊಟ್ಟಣಗಳ ನಡುವೆ ಒಂದು ಮರಿಮೀನು,
ಟೋಕನ್ನಿಲ್ಲದೆ ಬಂದಿತ್ತು.
ಪತ್ರಗಳನ್ನು ಪಂಕಜಾಕ್ಷಿ ಮೇಡಂ
ಮನೆಯಿಂದ ಇಸ್ತ್ರಿಪೆಟ್ಟಿಗೆ ತಂದು ಒಣಗಿಸಿದರು.
ಗೋಡೆಗೆ ನೀರು ನಿಂತ ಗೆರೆ ಮುಚ್ಚುವ ಹಾಗೆ
ಹಸಿರು ಪೋಸ್ಟರ್ ಅಂಟಿಸಿದರು: ಕಾಗದ ಉಳಿಸಿ, ಭೂಮಿ ಉಳಿಸಿ.

ದೀಪಾವಳಿ ಕಳೆದು ಹೆಡ್ಡಾಫೀಸಿಂದ ನಕ್ಷೆ ಬಂತು.
ಹವಾಮಾನದ ಅಪಾಯ, ಓಣಿವಾರು.
ಕುಂಬಾರಗುಂಡಿ ಕೆಂಪು. ಕೆಂಪಿಗೆ ಹೊಸ ಸಾಲವಿಲ್ಲ.
ಮೇಲೆ, ಹೊಳೆ ಇಳಿದು ಬರುವ ದಾರಿಯಲ್ಲಿ
ಗುಡ್ಡದ ಪಕ್ಕೆ ಸೀಳಿ ಕಟ್ಟಿದ ರೆಸಾರ್ಟು
ಹಸಿರು. ಚಾವಣಿಗೆ ಸೋಲಾರ್ ಇದೆಯಂತೆ,
ಬಡ್ಡಿಯಲ್ಲಿ ಕಾಲು ಪರ್ಸೆಂಟ್ ಬಿಟ್ಟಿದ್ದಾರೆ.

ಜುಬೇದಾಬಿ ಬಂದಳು, ಹೊಲಿಗೆ ಸಂಘದವಳು,
ಏಳು ಮಷಿನ್ನಿನ ಸಾಲ, ಒಂದು ಕಂತೂ ತಪ್ಪಿಸಿದವಳಲ್ಲ.
ನೆರೆಯ ತಿಂಗಳೂ ಕಟ್ಟಿದ್ದಳು;
ನೋಟಿಗೆ ಹೊಳೆಕೆಸರಿನ ವಾಸನೆ,
ಕ್ಯಾಷಿಯರ್ ಮೂಗು ಮುಚ್ಚಿಕೊಂಡು ಎಣಿಸಿದ್ದ.
ಇನ್ನೆರಡು ಮಷಿನ್ ಬೇಕು ಅಂದಳು.
ಮೇಡಂ ಪರದೆ ತಿರುಗಿಸಿ ಕೆಂಪು ತೋರಿಸಿದರು.

ಬಹಳ ಹೊತ್ತು ನೋಡಿದಳು.
"ಈ ಬ್ಯಾಂಕು ಎಲ್ಲಿ ಬರ್ತದೆ ಇದ್ರಲ್ಲಿ?"
ಮೇಡಂ ಬೆರಳಿಟ್ಟರು. ಬೆರಳೂ ಕೆಂಪಾಯಿತು.

"ನೀರು ಮಂಟಪದ ಕಂಬ ಹತ್ತೋಕೆ ಶುರು ಮಾಡಿದ್ರೆ ಸಾಕು,
ನಾವು ಮಷಿನ್ ಅಟ್ಟ ಹತ್ತಿಸ್ತೀವಿ. ಹಗ್ಗ ಕಟ್ಟೇ ಇಟ್ಟಿದೀವಿ.
ಏಳಕ್ಕೆ ಏಳೂ ಉಳಿದ್ವು.
ನೀವು ಏನೇನು ಹತ್ತಿಸಿದ್ರಿ?"

ಅದನ್ನು ಬರೆಯಲು ಫಾರಂನಲ್ಲಿ ಕಾಲಂ ಇರಲಿಲ್ಲ.
ಮೇಡಂ 'ಇತರೆ' ಅನ್ನುವಲ್ಲಿ ಟೈಪಿಸತೊಡಗಿದರು:
ಮಂಟಪ, ಹಗ್ಗ, ಅಟ್ಟ
ಅಷ್ಟರಲ್ಲಿ ಜಾಗ ಮುಗಿಯಿತು.

ಅವಳು ಬಳೆ ಬಿಚ್ಚಿಕೊಂಡು ನನ್ನ ಮೂಲೆಗೆ ಬಂದಳು.
ಬಂಗಾರಕ್ಕೆ ಓಣಿಯಿಲ್ಲ.
ಉಜ್ಜಿದೆ. ಗೆರೆ ಚೊಕ್ಕ.
ಪೊಟ್ಟಣಕ್ಕೆ ಅರಗಿನ ಮೊಹರು ಬಿದ್ದಮೇಲೆ
ಮೇಡಂ ಹಿಂದೆ ನೆಲಮಾಳಿಗೆಗೆ ಇಳಿದೆ.
ಖಾಲಿ ಇದ್ದದ್ದು
ಕೆಳಗಿನ ಸಾಲೊಂದೇ.